ಮಗ್ಗದ ಕುಣಿ, ಅತ್ತೆಯ ಮೀನಖಂಡ

ಆ ಮಧ್ಯಾಹ್ನ ನಾನು ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದೆ. ಪಡಸಾಲೆಯಲ್ಲಿ ಅತ್ತೆಯ ಮಗ್ಗ ನಡೆದಿತ್ತು. ಸದ್ದು ಒಮ್ಮೆಲೇ ನಿಂತಿತು, ಅದರ ಬೆನ್ನಿಗೇ "ಯಪ್ಪಾ, ಸತ್ನೆಪ್ಪೋ!" ಎಂಬ ಕೂಗು ಬಂತು. ಹಿಟ್ಟಿನ ಕೈಯಲ್ಲೇ ಓಡಿದೆ. ಅತ್ತೆ ಕುಣಿಯೊಳಗೆ ಕಾಲು ಇಳಿಬಿಟ್ಟುಕೊಂಡು, ಎರಡೂ ಕೈಯಿಂದ ಬಲ ತೊಡೆಯನ್ನು ಅಮುಕಿ ಹಿಡಿದು, ಹಲ್ಲು ಕಚ್ಚಿ ಕೂತಿದ್ದರು. ಮೀನಖಂಡ ಹಿಡಿದಿತ್ತು. ನಾನು ಬಗ್ಗಿ ಕಾಲು ಹಿಡಿಯಲು ಹೋದರೆ, ಆ ನೋವಿನಲ್ಲೂ ನನ್ನ ಕೈ ದೂಡಿದರು.

"ಏ, ನೂಲಿಗೆ ಹಿಟ್ಟ ಹತ್ತತೈತಿ! ಮೊದಲ ಕೈ ತೊಳಕೊಂಡ ಬಾ!"

ನನಗೆ ಸಿಟ್ಟು ನೆತ್ತಿಗೇರಿತು. ಸತ್ತೆ ಎಂದು ಕೂಗಿದವರಿಗೆ ನೂಲಿನ ಚಿಂತೆ! ಆದರೂ ಬಚ್ಚಲಿಗೆ ಹೋಗಿ ಕೈ ತೊಳೆದುಕೊಂಡೇ ಬಂದೆ. ನಮ್ಮ ಮನೆಯಲ್ಲಿ ಮಗ್ಗದ ವಿಷಯ ಬಂದರೆ ಅತ್ತೆಯ ಮಾತೇ ಕಡೆಯ ಮಾತು.

ಗಜೇಂದ್ರಗಡದ ನಮ್ಮ ಓಣಿಯಲ್ಲಿ ಎಲ್ಲ ಮನೆಗಳ ಮಗ್ಗಗಳೂ ಒಂದೇ ರೀತಿಯವು. ಪಡಸಾಲೆಯ ನೆಲದಲ್ಲಿ ತೊಡೆಯ ಆಳಕ್ಕೆ ಒಂದು ಕುಣಿ ತೋಡಿರುತ್ತಾರೆ. ನೇಯುವವರು ಕುಣಿಯ ಅಂಚಿಗೆ ಕೂತು ಕಾಲನ್ನು ಒಳಗೆ ಬಿಡಬೇಕು. ಒಳಗೆ ತುಳಿಯುವ ಹಲಗೆಗಳಿರುತ್ತವೆ. ಕಾಲು ಅವನ್ನು ಒಂದಾದ ಮೇಲೊಂದು ತುಳಿಯುತ್ತದೆ, ಕೈ ಲಾಳಿಯನ್ನು ಆಚೆಯಿಂದ ಈಚೆಗೆ ಓಡಿಸುತ್ತದೆ. ಹೊರಗಿನಿಂದ ನೋಡುವವರಿಗೆ ಕೈಯ ಕೆಲಸವೇ ಕಾಣುತ್ತದೆ, ಎಲ್ಲರೂ ಅದನ್ನೇ ಹೊಗಳುತ್ತಾರೆ. ಕುಣಿಯ ಕತ್ತಲಲ್ಲಿ ಕಾಲು ಪಡುವ ಪಾಡನ್ನು ಯಾರೂ ಕೇಳುವುದಿಲ್ಲ.

ನಾನು ನೇಕಾರರ ಮಗಳಲ್ಲ. ನನ್ನ ತವರು ಜಕ್ಕಲಿ. ಅಲ್ಲಿ ನಾವೆಲ್ಲ ಬೇರೆಯವರ ಹೊಲಕ್ಕೆ ಕಳೆ ತೆಗೆಯಲು, ಮೆಣಸಿನಕಾಯಿ ಬಿಡಿಸಲು ಹೋಗುವವರು. ಮದುವೆಯಾಗಿ ಬಂದಾಗ ಲಾಳಿ ಯಾವುದು, ಹಣಿಗೆ ಯಾವುದು ಎಂದೂ ಗೊತ್ತಿರಲಿಲ್ಲ. ಮೊದಲ ಬಸುರಿನಲ್ಲಿ ನನಗೂ ಬೆಳಗಿನ ಜಾವ ಮೀನಖಂಡ ಕಲ್ಲಿನಂತೆ ಗಟ್ಟಿಯಾಗುತ್ತಿತ್ತು. ನಾನು ಅತ್ತರೆ ಅತ್ತೆ ಎದ್ದು ಬಂದು, ನನ್ನ ಕಾಲನ್ನು ನೆಟ್ಟಗೆ ಚಾಚಿಸಿ, ಹೆಬ್ಬೆರಳ ಬುಡಕ್ಕೆ ಕೈ ಹಾಕಿ ಅಂಗಾಲನ್ನು ನನ್ನ ಕಡೆಗೇ ಬಗ್ಗಿಸಿ ಹಿಡಿಯುತ್ತಿದ್ದರು. ಎಳೆಯುವುದೂ ಅಲ್ಲ, ಜಗ್ಗುವುದೂ ಅಲ್ಲ, ಮೆಲ್ಲಗೆ ಒತ್ತಿ ಹಿಡಿಯುವುದು. ಗಂಟು ಬಿಟ್ಟ ಮೇಲೆ ಬಿಸಿ ಔಡಲೆಣ್ಣೆ ಹಚ್ಚಿ ತಿಕ್ಕುತ್ತಿದ್ದರು. "ಬಸರಿದ್ದಾಗ ಇದ ಆಗೂದಽ, ಹೆದರಬ್ಯಾಡ" ಎನ್ನುತ್ತಿದ್ದರು. ನಮ್ಮಿಬ್ಬರ ನಡುವೆ ಜಗಳ ದಿನಾ ಇದೆ. ಉಪ್ಪಿಗೆ, ಸೊಪ್ಪಿಗೆ, ಬಾಗಿಲು ಹಾಕಿದ್ದಕ್ಕೆ, ಹಾಕದ್ದಕ್ಕೆ. ಆದರೆ ಆ ಬೆಳಗುಗಳಿಂದ ಅವರ ಮೇಲೆ ನನಗೆ ಹುಟ್ಟಿದ ಪ್ರೀತಿ ಜಗಳದಿಂದ ಸವೆದಿಲ್ಲ.

ಹಾಗಾಗಿ ಆ ಮಧ್ಯಾಹ್ನ ನಾನು ಮಾಡಿದ್ದು ಅವರು ಕಲಿಸಿದ್ದನ್ನೇ. ಕುಣಿಯೊಳಗೆ ಬಗ್ಗಿ ಕಾಲನ್ನು ಮೇಲೆತ್ತಿ ಚಾಚಿಸಿದೆ, ಬೆರಳುಗಳನ್ನು ಅವರ ಮೊಣಕಾಲಿನ ಕಡೆಗೆ ಒತ್ತಿ ಹಿಡಿದೆ. ಸ್ವಲ್ಪ ಹೊತ್ತಿಗೆ ಬಿಗಿ ಸಡಿಲಾಯಿತು. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು.

"ಹೋಗು, ರೊಟ್ಟಿ ಸೀದಾವು."

ರೊಟ್ಟಿ ಆಗಲೇ ಸೀದಿತ್ತು.

ವಿಷಯ ಅಲ್ಲಿಗೇ ಮುಗಿಯುತ್ತಿತ್ತೋ ಏನೋ. ಆದರೆ ನಮ್ಮ ಮನೆಯವರು ಅದೇ ಹೊತ್ತಿಗೆ ಊಟಕ್ಕೆಂದು ಬಂದಿದ್ದರು, ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದ್ದರು. ಅವರು ಮಗ್ಗ ಬಿಟ್ಟು ಬಹಳ ವರ್ಷವಾಯಿತು. ಬಜಾರಿನ ಒಂದು ಟೈಲ್ಸ್ ಅಂಗಡಿಯಲ್ಲಿ ಕೆಲಸ. ರೋಣದಿಂದ ನರಗುಂದದವರೆಗೆ ಯಾರ ಮನೆಗೆ ಯಾವ ಬಣ್ಣದ ನೆಲ ಹಾಕಿದ್ದಾರೆ ಎಂದು ಬಾಯಿಪಾಠ ಹೇಳುತ್ತಾರೆ. ಅಂಥವರ ಮನೆಯ ಪಡಸಾಲೆಯಲ್ಲೇ ಕುಣಿ ಇರುವುದು ಅವರಿಗೆ ಮೊದಲಿನಿಂದಲೂ ಇರುಸುಮುರುಸು. ಅಂದು ತಾಟಿನ ಮುಂದೆ ಕೂತವರೇ ಹೇಳಿದರು:

"ಸಾಕು. ಅವ್ವಗ ಇನ್ನ ಮಗ್ಗ ಬ್ಯಾಡ. ಕುಣಿಗೆ ಮಣ್ಣ ತುಂಬಿಸಿ ಟೈಲ್ಸ್ ಹಾಕಿಸಿಬಿಡ್ತೇನಿ. ಆರಾಮ ಕುಂದರ್ಲಿ."

ಅವರ ಮೇಲೆ ತಪ್ಪು ಹೊರಿಸಲು ನನಗೆ ಮನಸ್ಸಿಲ್ಲ. ತಾಯಿಯ ಕೂಗು ಕೇಳಿ ಅವರ ಮುಖ ಬಿಳಿಚಿದ್ದನ್ನು ನಾನು ನೋಡಿದ್ದೆ. ಆದರೆ ಅತ್ತೆಯ ಮುಖವನ್ನೂ ನೋಡಿದೆ. ಅವರ ತುತ್ತು ಕೈಯಲ್ಲೇ ಉಳಿಯಿತು.

"ಆರಾಮ ಕುಂತು ಏನ ಮಾಡ್ಲಿ? ನಿನ್ನ ಟೈಲ್ಸ್ ಎಣಸ್ಲೇನ?"

ಅವರು ಹೀಗೆ ಅಂದದ್ದು ನಗೆಗಲ್ಲ. ಸೀರೆಯ ಮೈಗೂ ಸೆರಗಿಗೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುವ ಕೆಲಸದಲ್ಲಿ ನಮ್ಮ ಓಣಿಯಲ್ಲಿ ಅತ್ತೆಯನ್ನು ಮೀರಿಸಿದವರಿಲ್ಲ. ಬೇರೆ ಮನೆಯವರೂ ಕೊಂಡಿ ಹಾಕುವ ದಿನ ಬಂದು ಕರೆಯುತ್ತಾರೆ. ಮುಂಜಾನೆ ಮಗ್ಗಕ್ಕೆ ಕೈ ಮುಗಿದು ಕುಣಿಗೆ ಕಾಲು ಇಳಿಬಿಟ್ಟರೆಂದರೆ ಅವರ ಬೆನ್ನು ನೆಟ್ಟಗಾಗುತ್ತದೆ. ಮಗ್ಗವಿಲ್ಲದ ಅತ್ತೆಯನ್ನು ಊಹಿಸಲು ನಾನು ಪ್ರಯತ್ನಿಸಿದೆ. ಗೋಡೆಗೆ ಒರಗಿ ಕೂತ ಒಬ್ಬ ಮುದುಕಿ ಕಂಡಳು, ಅತ್ತೆ ಕಾಣಲಿಲ್ಲ. ನನಗೆ ಹೆದರಿಕೆಯಾಯಿತು.

"ಮೊದಲ ಕಾಲಿಗೆ ಔಷಧ ನೋಡೂಣ್ರಿ," ಎಂದೆ. "ಆಮ್ಯಾಲ ಬೇಕಾದ್ರ ಮಣ್ಣ ತುಂಬಸ್ರಿ."

ನಮ್ಮ ಮನೆಯವರು ಒಪ್ಪಿದರು, ಆದರೆ ಷರತ್ತಿನ ಮೇಲೆ. ಇನ್ನೊಮ್ಮೆ ಮಗ್ಗದಲ್ಲಿ ಕಾಲು ಹಿಡಿದರೆ ಕುಣಿ ಮುಚ್ಚಿ ನೆಲ ಹಾಕುವ ಗವಂಡಿಯನ್ನು ಕರೆತರುವುದೇ ಸೈ ಎಂದರು.

ಔಷಧಕ್ಕೆ ನಮ್ಮ ಓಣಿಯಲ್ಲಿ ಬರವಿಲ್ಲ. ಸುದ್ದಿ ಹಬ್ಬಿದ್ದೇ ತಡ, ಬಂದವರೆಲ್ಲ ಒಂದೊಂದು ಹೇಳಿದರು. ಎದುರು ಮನೆಯಾಕೆ ತಲೆದಿಂಬಿನ ಕೆಳಗೆ ಕಬ್ಬಿಣದ ತುಂಡು ಇಡಲು ಹೇಳಿ, ತಾನೇ ಒಂದು ಹಳೇ ಕುಡುಗೋಲು ತಂದುಕೊಟ್ಟಳು. ಅದನ್ನು ಇಟ್ಟುಕೊಂಡು ಮಲಗಿದ ಅತ್ತೆಗೆ ಕಾಲುನೋವು ಹೋಗಲಿಲ್ಲ, ಕುತ್ತಿಗೆ ನೋವು ಬಂತು. ಇನ್ನೊಬ್ಬರು ಹಿಮ್ಮಡಿಯ ಮೇಲೆ ಕರಿದಾರ ಕಟ್ಟಿದರು. ಜಕ್ಕಲಿಯಿಂದ ನನ್ನ ಅವ್ವ ಕರಿಎಳ್ಳಿನ ಉಂಡಿ ಕಳಿಸಿದಳು, ಹೊಲದಲ್ಲಿ ಬಿಸಿಲಿಗೆ ಬೆವರಿ ಕಾಲು ಸೆಟೆದುಕೊಂಡರೆ ತಾವು ಉಪ್ಪು ಬೆರೆಸಿದ ಮಜ್ಜಿಗೆ ಕುಡಿಯುತ್ತೇವೆ ಎಂದು ಫೋನಿನಲ್ಲಿ ಹೇಳಿದಳು. ಅಂಗಡಿಗೆ ಬಂದ ಯಾರೋ ಗಿರಾಕಿ ನಮ್ಮ ಮನೆಯವರಿಗೆ ಬಾಳೆಹಣ್ಣಿನ ಮಹಿಮೆ ತಿಳಿಸಿದನಂತೆ, ಅಂದಿನಿಂದ ಮನೆಗೆ ಗೊನೆಗೊನೆಯೇ ಬಂತು. ಬಿಸಿ ಮರಳಿನ ಗಂಟಿನಿಂದ ನಾನು ಸಂಜೆ ಕಾವು ಕೊಟ್ಟೆ. ಅದು ಹಿತವಾಗುತ್ತಿತ್ತು, ಅತ್ತೆ ಕಣ್ಣು ಮುಚ್ಚಿ ಕೂರುತ್ತಿದ್ದರು. ಎಣ್ಣೆ, ಕಾವು ಎರಡೂ ರಾತ್ರಿ ಹಾಸಿಗೆಯಲ್ಲಿ ಹಿಡಿದ ಕಾಲನ್ನು ಬಿಡಿಸುತ್ತಿದ್ದವು. ಹಿಡಿಯದಂತೆ ಮಾಡುತ್ತಿರಲಿಲ್ಲ.

ಕಡೆಗೆ ನಾನೇ ಹಟ ಹಿಡಿದು ಅತ್ತೆಯನ್ನು ದವಾಖಾನೆಗೆ ಕರೆದುಕೊಂಡು ಹೋದೆ. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ಮಾತು ಮೆತ್ತಗೆ. ಅತ್ತೆಯ ಕಾಲನ್ನು ಒತ್ತಿ ನೋಡಿದರು, ಬಾವು ಇದೆಯೇ, ಕೆಂಪಾಗಿದೆಯೇ, ಒಂದು ಕಾಲು ಇನ್ನೊಂದಕ್ಕಿಂತ ದಪ್ಪವಾಗಿದೆಯೇ ಎಂದು ಪರೀಕ್ಷಿಸಿದರು. ಹಾಗಿದ್ದರೆ ತಡಮಾಡದೆ ಬರಬೇಕಿತ್ತು, ಇಲ್ಲಿ ಹಾಗೇನೂ ಕಾಣುವುದಿಲ್ಲ ಎಂದರು. ಯಾಕೆ ಹಿಡಿಯುತ್ತದೆ ಎಂದು ನಾನು ಕೇಳಿದೆ. ನನಗೆ ಒಂದು ಕಾರಣ ಬೇಕಾಗಿತ್ತು, ಅವರು ಬುಟ್ಟಿ ತುಂಬ ಕೊಟ್ಟರು. ಒಂದೇ ಕಡೆ ಬಹಳ ಹೊತ್ತು ಕೂತರೂ ಹಿಡಿಯಬಹುದು, ಅತಿಯಾಗಿ ದುಡಿಸಿದರೂ ಹಿಡಿಯಬಹುದು. ಮೈಯಲ್ಲಿ ನೀರು ಕಡಿಮೆಯಾದರೂ ಸರಿ, ಸಕ್ಕರೆ ಕಾಯಿಲೆ, ಥೈರಾಯ್ಡ್ ಇದ್ದರೂ ಸರಿ. ವಯಸ್ಸಾದ ಮೇಲೆ ಎಷ್ಟೋ ಜನರಿಗೆ ಯಾವ ಕಾರಣವೂ ಸಿಗದೆಯೇ ಬರುತ್ತದಂತೆ.

"ಇಷ್ಟೆಲ್ಲಾ ನಂಗೊಬ್ಬಾಕಿಗೇ ಐತೇನವಾ?" ಎಂದು ಅತ್ತೆ ಗಾಬರಿಯಾದರು.

ಡಾಕ್ಟರು ನಕ್ಕರು. "ಇಲ್ಲ ಅಜ್ಜಿ, ಇದರಾಗ ಯಾವುದು ಅಂತ ಹುಡಕೂಣು. ದಿನಾ ಯಾವ ಗುಳಿಗಿ ತಗೋತೀರಿ?"

ಅತ್ತೆ ಸೆರಗಿನ ಗಂಟು ಬಿಚ್ಚಿ ಬಿ.ಪಿ. ಗುಳಿಗೆಯ ಹಾಳೆ ತೆಗೆದು ಕೊಟ್ಟರು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ಓದಿದರು. ಇದು ಮೈಯಲ್ಲಿನ ನೀರನ್ನು ಮೂತ್ರದಲ್ಲಿ ಹೊರಗೆ ಹಾಕುವ ಗುಳಿಗೆ, ಇದನ್ನು ತೆಗೆದುಕೊಳ್ಳುವ ಕೆಲವರಿಗೆ ಕಾಲು ಹಿಡಿಯುವುದುಂಟು ಎಂದರು. ನಾನು ಈಗಲೇ ಬಿಸಾಡುತ್ತೇವೆ ಎಂದೆ. ಅವರು ಮೊದಲ ಸಲ ದನಿ ಏರಿಸಿದರು. "ಹಂಗ ಒಮ್ಮಿಗ್ಲೇ ಬಿಡಬಾರದು. ಬಿ.ಪಿ. ಏರಿದ್ರ ಕಾಲಿಗಿಂತ ದೊಡ್ಡ ತ್ರಾಸ ಆದೀತು. ರಕ್ತ ನೋಡಿ ನಾನಽ ಬದಲಿ ಮಾಡ್ತೇನಿ." ಆಮೇಲೆ ಅತ್ತೆಯನ್ನು ಕೇಳಿದರು, ದಿನಕ್ಕೆ ಎಷ್ಟು ನೀರು ಕುಡಿಯುತ್ತೀರಿ, ಮೂತ್ರಕ್ಕೆ ಎಷ್ಟು ಸಲ ಹೋಗುತ್ತೀರಿ?

ಅತ್ತೆ ನೆಲ ನೋಡಿದರು. "ಮಗ್ಗಕ್ಕ ಇಳಿಯೂಕಿಂತ ಮೊದಲೊಮ್ಮಿ, ಸಂಜಿಗೊಮ್ಮಿ."

"ನಡುವ ನೀರು?"

"ಚಾ ಕುಡೀತೇನಲ್ಲವಾ."

ಡಾಕ್ಟರು ಪೆನ್ನು ಕೆಳಗಿಟ್ಟರು. ನಾನೂ ದಂಗಾದೆ. ಒಂದೇ ಮನೆಯಲ್ಲಿದ್ದು, ಒಂದೇ ಕೊಡದ ನೀರು ಕುಡಿದು, ಈ ಮಾತು ನನಗೆ ಗೊತ್ತಿರಲಿಲ್ಲ. ಮಗ್ಗ ಬಿಡಬೇಕೇ ಎಂದು ಕೇಳಿದ್ದಕ್ಕೆ ಡಾಕ್ಟರು ಬೇಡ ಎಂದರು. ಆಗಾಗ ಎದ್ದು ನೀರು ಕುಡಿಯಬೇಕು, ನಾಲ್ಕು ಹೆಜ್ಜೆ ಓಡಾಡಬೇಕು, ಗೋಡೆಗೆ ಕೈಯೂರಿ ಒಂದು ಕಾಲನ್ನು ಹಿಂದಿಟ್ಟು ಹಿಮ್ಮಡಿಯನ್ನು ನೆಲಕ್ಕೆ ಒತ್ತಿ ಮೀನಖಂಡವನ್ನು ಹಿಗ್ಗಿಸಬೇಕು. ಮಲಗುವ ಮುಂಚೆಯೂ ಹಾಗೆಯೇ ಮಾಡಬೇಕು. ಅತ್ತೆ ಎಲ್ಲದಕ್ಕೂ "ಹೂಂ" ಎಂದರು. ಅವರ ಆ ಹೂಂ ನನಗೆ ಗೊತ್ತು, ಅದಕ್ಕೆ ಅರ್ಥವೇ ಇಲ್ಲ.

ರೋಣದಲ್ಲಿ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಸಕ್ಕರೆಯೂ ಇರಲಿಲ್ಲ, ಮತ್ತೇನೂ ಇರಲಿಲ್ಲ, ಪೊಟ್ಯಾಸಿಯಂ ಎಂಬ ಲವಣ ಮಾತ್ರ ಸ್ವಲ್ಪ ಕಡಿಮೆ ಇತ್ತು. ಡಾಕ್ಟರು ಗುಳಿಗೆ ಬದಲಿಸಿದರು. ನಾನು ಗೆದ್ದೆ ಎಂದುಕೊಂಡೆ. ಉಳಿದದ್ದು ನೀರು ಒಂದೇ, ಅದು ನನ್ನ ಕೈಯಲ್ಲಿತ್ತು.

ನೀರು ಎಂದರೆ ನೇಕಾರರ ಮನೆಯಲ್ಲಿ ಸಣ್ಣ ಮಾತಲ್ಲ ಎಂಬುದನ್ನು ನಾನು ಮರೆತಿದ್ದೆ. ಮಗ್ಗದಲ್ಲಿ ಉದ್ದಕ್ಕೆ ಹೂಡಿದ ಹಾಸಿನ ನೂಲಿಗೆ ಗಂಜಿ ಹಚ್ಚಿರುತ್ತದೆ. ಅದರ ಮೇಲೆ ನೀರು ಬಿದ್ದರೆ ಎಳೆಗಳು ಒಂದಕ್ಕೊಂದು ಅಂಟಿಕೊಂಡು ತುಂಡಾಗುತ್ತವೆ. ಅದಕ್ಕೇ ಮಗ್ಗದ ಹತ್ತಿರ ತಂಬಿಗೆ ಒಯ್ಯುವುದಿಲ್ಲ, ಮಕ್ಕಳನ್ನು ಒದ್ದೆ ಕೈಯಲ್ಲಿ ಬಿಡುವುದಿಲ್ಲ. ನಾನೋ ಹೊಲದಿಂದ ಬಂದವಳು. ಹೊಲಕ್ಕೆ ಹೊರಡುವಾಗ ನಾವು ಬುತ್ತಿ ಮರೆತರೂ ನೀರಿನ ಬಿಂದಿಗೆ ಮರೆಯುತ್ತಿರಲಿಲ್ಲ. ಸಾಲಿನ ಕೊನೆ ಮುಟ್ಟಿದಾಗಲೆಲ್ಲ ಒಂದು ಗುಟುಕು. ಅದೇ ರೂಢಿಯಲ್ಲಿ ದೊಡ್ಡ ಲೋಟದಲ್ಲಿ ನೀರು ತುಂಬಿ ಅತ್ತೆಯ ಬಗಲಿಗೇ ಇಟ್ಟೆ. ಲಾಳಿ ಎಸೆಯುವ ರಭಸಕ್ಕೆ ಅವರ ಮೊಣಕೈ ತಾಗಿತು, ಲೋಟ ಮಗುಚಿತು.

ಆಮೇಲೆ ನಡೆದದ್ದನ್ನು ಪೂರ್ತಿ ಬರೆಯಲಾರೆ. ಅತ್ತೆಯ ಬಾಯಿಂದ ನನ್ನ ತವರು, ನನ್ನ ತವರಿನ ಎಮ್ಮೆ, ಆ ಎಮ್ಮೆ ಕುಡಿಯುವ ಕೆರೆ ಎಲ್ಲವೂ ಬಂದವು. ಕಡಿದ ಎಳೆಗಳನ್ನು ಒಂದೊಂದಾಗಿ ಹುಡುಕಿ ಗಂಟು ಹಾಕುತ್ತ ಮಧ್ಯಾಹ್ನ ಕಳೆಯಿತು. ನಾನೂ ಬಿಡಲಿಲ್ಲ. ಮರುದಿನ ಬಿಗಿ ಮುಚ್ಚಳದ ಸ್ಟೀಲ್ ಬಾಟಲಿ ತಂದು ಅತ್ತೆಯ ಕೈಗೆಟುಕುವ ಗೋಡೆಯ ಗೂಡಿನಲ್ಲಿ ಇಟ್ಟೆ. ಸಂಜೆ ನೋಡಿದರೆ ಬಾಟಲಿ ಖಾಲಿ. ಖುಷಿಯಾಯಿತು. ನಾಲ್ಕಾರು ದಿನ ಹಾಗೇ ಖಾಲಿಯಾಯಿತು. ಆದರೆ ಅಂಗಳದ ಕರಿಬೇವಿನ ಗಿಡ ಇದ್ದಕ್ಕಿದ್ದಂತೆ ಚಿಗುರಿತು. ಬುಡದ ಮಣ್ಣು ಮುಟ್ಟಿ ನೋಡಿದೆ, ಹಸಿಯಾಗಿತ್ತು. ಸಂಜೆ ಮಗ್ಗದಿಂದ ಎದ್ದ ಮೇಲೆ ಅತ್ತೆ ಬಾಟಲಿಯನ್ನು ಅಲ್ಲಿಗೆ ಬಗ್ಗಿಸುತ್ತಿದ್ದರು.

ಇಷ್ಟರಲ್ಲಿ ಇನ್ನೊಂದು ಗಮನಕ್ಕೆ ಬಂತು. ಮಗ್ಗದ ಸದ್ದು ನಡುನಡುವೆ ತುಸು ಹೊತ್ತು ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು. ಕೂಗು ಕೇಳಿಸುತ್ತಿರಲಿಲ್ಲ. ಒಮ್ಮೆ ಬಾಗಿಲ ಮರೆಯಿಂದ ಇಣುಕಿದೆ. ಅತ್ತೆ ಸೆರಗನ್ನು ಬಾಯಲ್ಲಿ ತುರುಕಿಕೊಂಡು, ಕಣ್ಣು ಬಿಗಿಯಾಗಿ ಮುಚ್ಚಿ ಕೂತಿದ್ದರು. ಕಾಲು ಹಿಡಿಯುತ್ತಿತ್ತು, ಅವರು ಅದನ್ನು ನಮ್ಮಿಂದ ಮುಚ್ಚಿಡುತ್ತಿದ್ದರು. ಗುಳಿಗೆ ಬದಲಾದ ಮೇಲೆ ಮೊದಲಿನಷ್ಟು ಇರಲಿಲ್ಲ, ನಿಜ. ಆದರೂ ಒಂದು ಲೋಟ ನೀರು ಕುಡಿಯುವುದಕ್ಕೆ ಇಷ್ಟು ಹಟವೇಕೆ ಎಂದು ನನಗೆ ಮೈಯೆಲ್ಲ ಉರಿಯಿತು.

ಅಮಾವಾಸ್ಯೆಯ ದಿನ ನಮ್ಮ ಓಣಿಯಲ್ಲಿ ಯಾರೂ ಮಗ್ಗ ಹೂಡುವುದಿಲ್ಲ. ಅಂದು ಅತ್ತೆ ಎದುರು ಮನೆಯಾಕೆಯ ಜೊತೆ ಬಸ್ಸು ಹತ್ತಿ ಇಟಗಿಯ ಗುಡಿಗೆ ಹೋಗಿದ್ದರು. ನಾನು ಕುಣಿ ಗುಡಿಸೋಣವೆಂದು ಒಳಗೆ ಇಳಿದೆ. ಹತ್ತಿಯ ಧೂಳು ಬಳಿದು ಮುಗಿದ ಮೇಲೆ ಸುಮ್ಮನೆ ಅತ್ತೆಯ ಜಾಗದಲ್ಲಿ ಕೂತು ಹಲಗೆಗಳ ಮೇಲೆ ಕಾಲಿಟ್ಟೆ. ಏಳಲು ಹೋದಾಗ ಎರಡೂ ಕೈಯೂರಬೇಕಾಯಿತು, ಸೊಂಟ ಹಿಡಿಯಿತು. ಆಸರೆಗೆಂದು ಮಗ್ಗದ ಕಂಬದ ಹಿಂದೆ ಕೈ ಹಾಕಿದೆ. ಕೈಗೆ ಒಂದು ಹಗ್ಗ ಸಿಕ್ಕಿತು.

ಉಳಿದ ನೂಲನ್ನು ಹೊಸೆದು ಮಾಡಿದ ಹಗ್ಗ ಅದು. ಕಂಬದ ಬುಡಕ್ಕೆ ಕಟ್ಟಿ, ಹೊರಗೆ ಕಾಣದಂತೆ ಒಂದು ಹಳೆಯ ಬಟ್ಟೆ ಇಳಿಬಿಟ್ಟಿತ್ತು. ಹಿಡಿದುಕೊಳ್ಳಲು ಅಲ್ಲಲ್ಲಿ ಗಂಟು. ಗಂಟುಗಳು ಕೈಯ ಬೆವರಿಗೆ ಕಪ್ಪಾಗಿ ಹೊಳೆಯುತ್ತಿದ್ದವು. ಕುಣಿಯಿಂದ ಮೇಲೆ ಬರಲು ಅತ್ತೆಗೆ ಈಗ ಕಾಲಿನ ಬಲ ಸಾಲುತ್ತಿರಲಿಲ್ಲ. ಮೊಣಕಾಲು ಕೈಕೊಟ್ಟಿದ್ದವು. ಒಬ್ಬರೇ ಈ ಹಗ್ಗ ಹಿಡಿದು ಜಗ್ಗಿಕೊಂಡು ಏಳುತ್ತಿದ್ದರು. ನೀರು ಕುಡಿದರೆ ಮೂತ್ರಕ್ಕೆ ಹೋಗಬೇಕು. ಮೂತ್ರಕ್ಕೆ ಹೋಗಬೇಕೆಂದರೆ ಏಳಬೇಕು. ಏಳುವುದೇ ಆಗುತ್ತಿರಲಿಲ್ಲ.

ಇಷ್ಟು ದಿನದ ಸಿಟ್ಟು ಎಲ್ಲಿ ಹೋಯಿತೋ ತಿಳಿಯದು. ಕುಣಿಯ ಅಂಚಿಗೆ ಕೂತು ಅತ್ತುಬಿಟ್ಟೆ.

ಸಂಜೆ ಅತ್ತೆ ಗುಡಿಯಿಂದ ಅಂಗಾರದ ಬೂದಿ ತಂದು ನನ್ನ ಹಣೆಗೆ ಹಚ್ಚಿದರು, ತಮ್ಮ ಮೀನಖಂಡಕ್ಕೂ ಸವರಿಕೊಂಡರು. ನಮ್ಮ ಮನೆಯವರು ಇನ್ನೂ ಅಂಗಡಿಯಿಂದ ಬಂದಿರಲಿಲ್ಲ. ಸುತ್ತಿ ಬಳಸದೆ ಕೇಳಿದೆ.

"ಅತ್ತಿ, ಕಂಬಕ್ಕ ಹಗ್ಗ ಯಾವಾಗ ಕಟ್ಟೀರಿ?"

ಅವರ ಕೈ ಕಾಲಿನ ಮೇಲೆಯೇ ನಿಂತಿತು.

"ಮೊಣಕಾಲ ಮಾತ ಕೇಳದಂಗ ಆದಾಗ."

"ನನ್ನ ಕರದ್ರ ನಾ ಬರತಿರಲಿಲ್ಲೇನ್ರಿ? ಒಂದ ಕೈ ಕೊಡಾಕ ನನಗೇನ ಭಾರ ಆಗತಿತ್ತು?"

"ನಿನಗ ಭಾರ ಅಂತಲ್ಲವಾ," ಎಂದರು. ದನಿ ಸಣ್ಣಗಾಗಿತ್ತು. "ಕರದ್ರ ನಿನ್ನ ಗಂಡಗ ಗೊತ್ತಾಗತೈತಿ. ಎದ್ದ ನಿಂದ್ರಾಕ ಬರದಾಕಿಗೆ ಮಗ್ಗ ಯಾಕ ಅಂತಾನ. ಅವ ಅನ್ನೂದೂ ಸುಳ್ಳಲ್ಲ. ಅದಕ್ಕ ನೀರಽ ಬಿಟ್ಟೆ. ಎಷ್ಟ ಕಮ್ಮಿ ಎದ್ದರ ಅಷ್ಟ ಚಲೋ ಅಂತ."

ಗಂಡನಿಗೆ ಹೇಳೋಣ, ನಾನೇ ಮಾತಾಡುತ್ತೇನೆ ಎಂದೆ. ಅತ್ತೆ ನನ್ನ ಎರಡೂ ಕೈ ಹಿಡಿದುಕೊಂಡರು. "ಬ್ಯಾಡ. ನನ್ನ ಆಣಿ ಐತಿ ನಿನಗ." ಆಣೆ ಮುರಿಯುವ ಧೈರ್ಯ ನನಗಿರಲಿಲ್ಲ. ಆದರೆ ನಾನೂ ಅವರಿಂದ ಒಂದು ಆಣೆ ಮಾಡಿಸಿಕೊಂಡೆ. ನೇಯ್ದ ಬಟ್ಟೆಯನ್ನು ಮಗ್ಗದ ಮುಂದಿನ ಉರುಳೆಗೆ ಸುತ್ತುವ ಹೊತ್ತು ಬಂದಾಗಲೆಲ್ಲ ಏಳಬೇಕು, ನನ್ನ ಕೈ ಹಿಡಿದೇ ಏಳಬೇಕು. ಹೇಗೂ ಆಗ ಲಾಳಿ ನಿಂತಿರುತ್ತದೆ, ಕೆಲಸ ಕೆಡುವುದಿಲ್ಲ.

ಮರುದಿನದಿಂದ ನಮ್ಮ ಕಳ್ಳ ವ್ಯವಹಾರ ಶುರುವಾಯಿತು. ಕರೆಯುವುದಕ್ಕೆ ಅತ್ತೆಗೆ ಇನ್ನೂ ನಾಚಿಕೆ. ಬಟ್ಟೆ ಸುತ್ತಿ ಮುಗಿದರೆ ಲಾಳಿಯಿಂದ ಮಗ್ಗದ ಮರಕ್ಕೆ ಮೆಲ್ಲಗೆ ಬಡಿಯುತ್ತಿದ್ದರು. ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಹೋಗಿ, ಕಾಲು ಅಗಲಿಸಿ ನಿಂತು, ಎರಡೂ ಕೈ ಕೊಟ್ಟು ಎತ್ತುತ್ತಿದ್ದೆ. ಅಡುಗೆಮನೆಯಲ್ಲಿ ನಿಂತು ನೀರು ಕುಡಿಯುತ್ತಿದ್ದರು, ಒಮ್ಮೊಮ್ಮೆ ನನ್ನ ಅವ್ವ ಹೇಳಿದ ಮಜ್ಜಿಗೆ. ಅದಕ್ಕೆ ಉಪ್ಪು ಬೆರೆಸಲು ಹೋದರೆ ಬಿ.ಪಿ. ಇದೆ, ಉಪ್ಪು ಬೇಡ ಎಂದು ಡಾಕ್ಟರು ಹೇಳಿದ್ದನ್ನು ನನಗೇ ನೆನಪಿಸುತ್ತಿದ್ದರು. ಆಮೇಲೆ ಬಚ್ಚಲಿಗೆ ಹೋಗಿ ಬಂದು ಗೋಡೆಗೆ ಕೈಯೂರಿ ಹಿಮ್ಮಡಿ ಒತ್ತುತ್ತಿದ್ದರು. "ಗ್ವಾಡಿ ಬೀಳ್ಬಾರದಂತ ಹಿಡಕೊಂಡ ನಿಂತಾಳ ಮುದುಕಿ ಅಂತಾರ ನೋಡಿದವ್ರು," ಎಂದು ತಾವೇ ನಗುತ್ತಿದ್ದರು. ದಿನ ಕಳೆದಂತೆ ಮಗ್ಗದ ಸದ್ದು ನಡುವೆ ಹಾಗೆ ಕಡಿಯುವುದು ಅಪರೂಪವಾಯಿತು. ಅವರ ಮುಖಕ್ಕೆ ಕಳೆ ಬಂತು. ಡಾಕ್ಟರ ಗುಳಿಗೆಯೋ, ನೀರೋ, ಎದ್ದು ನಿಂತದ್ದೋ, ಇಟಗಿಯ ಅಂಗಾರವೋ, ಯಾವುದರಿಂದ ಎಷ್ಟು ಗುಣ ಎಂದು ನನ್ನನ್ನು ಕೇಳಬೇಡಿ. ಅತ್ತೆ ಎಲ್ಲಕ್ಕೂ ಪಾಲು ಹಂಚಿದ್ದರು. ನನಗೆ ಮಾತ್ರ ನೀರಿನ ಮೇಲೆ ಹೆಚ್ಚು ನಂಬಿಕೆ.

ಆದರೆ ಕದ್ದು ಮಾಡುವುದು ಎಷ್ಟು ದಿನ ನಡೆದೀತು? ಒಂದು ದಿನ ನಮ್ಮ ಮನೆಯವರು ಹೊತ್ತಲ್ಲದ ಹೊತ್ತಿನಲ್ಲಿ ಮನೆಗೆ ಬಂದರು. ಅಂಗಡಿಗೆ ಹೊಸ ಮಾಲು ಬಂದಿತ್ತು, ಅವರ ಕಣ್ಣಿಗೆ ಹಿಡಿಸಿದ ಒಂದು ಬಣ್ಣವಿತ್ತು. ಜೇಬಿನಿಂದ ಅಳತೆಯ ಟೇಪು ತೆಗೆದು, ಅದರ ತುದಿಯನ್ನು ಹಿಡಿದುಕೊ ಎಂದು ನನಗೆ ಚಾಚಿದರು.

"ಅತ್ತಿಯವ್ರ ಕಾಲ ಹಿಡದಿಲ್ಲಲ್ರಿ," ಎಂದೆ ಸಿಟ್ಟಿನಿಂದ. "ಮಾತ ಆಗಿತ್ತಲ್ಲ ನಮ್ಮ ನಡುವ."

"ಹಿಡದ ಮ್ಯಾಲ ಓಡಾಡೂದಕ್ಕಿಂತ ಅಳತಿ ತಗೊಂಡ ಇಟ್ಟಿರ್ತೇನಿ. ಎಂದಾದ್ರೂ ಬೇಕಽ ಅಲ್ಲ?"

ನಾನು ಟೇಪು ಹಿಡಿಯಲಿಲ್ಲ. ಅವರೇ ಗೋಡೆಯ ಬುಡಕ್ಕೆ ತುದಿ ಸಿಕ್ಕಿಸಿ ಎಳೆಯುತ್ತ ಮಗ್ಗದ ಕಡೆಗೆ ಬಂದರು. ಅತ್ತೆ ತಲೆ ಎತ್ತಲಿಲ್ಲ. ಲಾಳಿ ಓಡುತ್ತಲೇ ಇತ್ತು. ಟೇಪು ಕುಣಿಯ ಅಂಚಿಗೆ ಬಂದು ಮುಟ್ಟಿತು. ಆಗ ಮಗ್ಗ ನಿಂತಿತು.

ನಮ್ಮ ಮನೆಯವರು ಬೆಚ್ಚಿಬಿದ್ದರು. "ಅವ್ವಾ! ಹಿಡೀತೇನ?"

"ಹಿಡದಿಲ್ಲ," ಎಂದರು ಅತ್ತೆ. ಬಟ್ಟೆ ಸುತ್ತುವ ಹೊತ್ತಾಗಿತ್ತು. ನಿಧಾನವಾಗಿ ಸುತ್ತಿ ಬಿಗಿ ಮಾಡಿದರು. ಲಾಳಿ ಅವರ ಕೈಯಲ್ಲೇ ಇತ್ತು. ಮರಕ್ಕೆ ಬಡಿಯುತ್ತಾರೆಂದು ನಾನು ಕಾದೆ. ಬಡಿಯಲಿಲ್ಲ. ಅದನ್ನು ಬಟ್ಟೆಯ ಮೇಲಿಟ್ಟು ಮಗನ ಮುಖ ನೋಡಿದರು. ಓಣಿಗೇ ಕೇಳುವಂತೆ ಹೇಳಿದರು:

"ತಮ್ಮಾ, ನೀರ ಕುಡಿಬೇಕು. ಕೈ ಕೊಡು."

ಅವರಿಗೆ ಅರ್ಥವಾಗಲಿಲ್ಲ. ನನ್ನ ಕಡೆ ನೋಡಿದರು, ಮತ್ತೆ ತಾಯಿಯ ಕಡೆ ನೋಡಿದರು. "ನಿನಗ ಏಳಾಕ ಬರೂದಿಲ್ಲೇನ?"

ಇಷ್ಟು ದಿನ ಮುಚ್ಚಿಟ್ಟದ್ದೆಲ್ಲ ಈ ಒಂದು ಪ್ರಶ್ನೆಗೆ ಹೆದರಿಯೇ.

"ಬರೂದಿಲ್ಲ," ಎಂದರು ಅತ್ತೆ. "ಏಳಾಕ ಬರೂದಿಲ್ಲ, ಅದಕ್ಕ ಕೈ ಕೊಡು ಅಂದೆ. ನೇಯಾಕ ಬರತೈತಿ."

ಅವರು ಟೇಪನ್ನು ನೆಲಕ್ಕೆ ಹಾಕಿದರು. ಕುಣಿಯ ಎದುರು ಬಗ್ಗಿ, ಎರಡೂ ಕೈ ಚಾಚಿದರು. ಅಭ್ಯಾಸವಿಲ್ಲದವರು, ಮೊದಲು ಮಣಿಕಟ್ಟು ಹಿಡಿದು ಜಗ್ಗಿದರು. "ಜಗ್ಗಬ್ಯಾಡ, ಗಟ್ಟಿ ಹಿಡಕೊಂಡ ನಿಂದರು, ನಾ ಏಳ್ತೇನಿ," ಎಂದು ಅತ್ತೆ ಹೇಳಿಕೊಟ್ಟರು. ಎದ್ದರು. ಅಡುಗೆಮನೆಗೆ ಹೋಗಿ ತಂಬಿಗೆಯ ನೀರನ್ನು ಗಟಗಟ ಕುಡಿದರು. ಗೋಡೆಗೆ ಕೈಯೂರಿ ಒಂದು ಕಾಲು, ಆಮೇಲೆ ಇನ್ನೊಂದು ಕಾಲು ಹಿಂದಿಟ್ಟು ಹಿಮ್ಮಡಿ ಒತ್ತಿದರು. ಮಗ ಇದ್ದಾನೆಂದು ಅವಸರ ಮಾಡಲಿಲ್ಲ. ನಮ್ಮ ಮನೆಯವರು ಪಡಸಾಲೆಯ ನಡುವೆ ನಿಂತು ಎಲ್ಲವನ್ನೂ ನೋಡಿದರು. ಕಂಬದ ಹಿಂದಿನ ಬಟ್ಟೆ ಸರಿದು ಹಗ್ಗ ಹೊರಗೆ ಬಿದ್ದಿತ್ತು. ಅದನ್ನು ಕೈಗೆ ತೆಗೆದುಕೊಂಡು ಗಂಟುಗಳನ್ನು ಮುಟ್ಟಿ ನೋಡಿದರು.

ಅತ್ತೆ ಬಂದು ಕುಣಿಯ ಅಂಚಿಗೆ ನಿಂತರು. ಎರಡೂ ಕೈಗಳನ್ನು ಮಗನ ಮುಂದೆ ಚಾಚಿದರು.

"ಈಗ ಒಳಗ ಇಳಸು."

ಅವರು ನನ್ನ ಮುಖ ನೋಡಿದರು. ನಾನು ಬೇಕೆಂದೇ ಅತ್ತ ತಿರುಗಿಕೊಂಡೆ. ತಾಯಿ ಮಗನ ನಡುವಿನ ಮಾತು, ನನ್ನದೇನಿದೆ? ಬೆನ್ನ ಹಿಂದೆ "ಸಾವಕಾಶ, ಅವ್ವಾ" ಎಂದದ್ದು ಕೇಳಿಸಿತು. ತಿರುಗಿ ನೋಡಿದರೆ ಅವರು ತಾಯಿಯ ತೋಳು ಹಿಡಿದು ಅಂಚಿಗೆ ಕೂರಿಸಿ, ಒಂದೊಂದೇ ಕಾಲನ್ನು ಎತ್ತಿ ಕುಣಿಯೊಳಗೆ ಇಳಿಸಿ, ಪಾದ ಹಲಗೆಯ ಮೇಲೆ ಸರಿಯಾಗಿ ಕೂತಿದೆಯೇ ಎಂದು ಬಗ್ಗಿ ನೋಡುತ್ತಿದ್ದರು. ಅವರ ಕಣ್ಣು ತುಂಬಿತ್ತು. ಎದ್ದು ನಿಂತವರು ಅಲ್ಲಿಂದ ಕದಲಲಿಲ್ಲ.

ಅತ್ತೆ ಲಾಳಿ ಕೈಗೆ ತೆಗೆದುಕೊಂಡರು. ತಲೆ ಎತ್ತಿ ಮಗನನ್ನು ಗದರಿದರು:

"ಕಂಬದಂಗ ಯಾಕ ನಿಂತಿ? ಬೆಳಕಿಗೆ ಅಡ್ಡ ಆಗೀದಿ, ಸರಿ ಅತ್ತಾಗ."

ಅವರು ಸರಿದು ನಿಂತರು.